ಗೇಟು ತೆರೆದಿಟ್ಟವಳ ಮನೆಯಲ್ಲಿ ಮೂರು ವಾರ

ನಿಟ್ಟುವಳ್ಳಿ

ಮೊದಲೇ ಹೇಳಿಬಿಡುತ್ತೇನೆ, ನಾನು ಕೀನ್ಯಾದಲ್ಲಿ ಸಿಂಹ ನೋಡಲಿಲ್ಲ. ಊರಿಗೆ ಬಂದ ದಿನದಿಂದ ಹಾಲು ಹಾಕುವವನಿಂದ ಹಿಡಿದು ಪಾಸ್ಟರ್ ತನಕ ಎಲ್ಲರದೂ ಅದೇ ಪ್ರಶ್ನೆ. ಸಿಂಹ ನೋಡಲಿಕ್ಕೆ ಹೋದವಳೇ ಅಲ್ಲ ನಾನು. ಒಬ್ಬ ಹುಡುಗಿಯನ್ನು ವಾಪಸ್ ಕರೆದುಕೊಂಡು ಬರಲಿಕ್ಕೆ ಹೋಗಿದ್ದೆ.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಚರ್ಚಿನ ಸಭೆಯದೊಂದು ಮಕ್ಕಳ ಬೋರ್ಡಿಂಗ್ ಇತ್ತು. ಇಪ್ಪತ್ತಾರು ವರ್ಷ ನಾನು ಅದರ ವಾರ್ಡನ್. ಮಕ್ಕಳು ನನ್ನನ್ನು ಎಸ್ತರ್ ಅಕ್ಕೋರು ಅನ್ನುತ್ತಿದ್ದರು. ನಾನು ನಿವೃತ್ತಳಾದ ಮೇಲೆ ಹೊಸ ವಾರ್ಡನ್ ಯಾರೂ ನಿಲ್ಲಲಿಲ್ಲ, ಬೋರ್ಡಿಂಗಿಗೆ ಬೀಗ ಬಿತ್ತು. ಈಗ ಯಾವುದೋ ಕೋಚಿಂಗ್ ಕ್ಲಾಸಿನವರು ಆ ಕಟ್ಟಡ ಕೇಳುತ್ತಿದ್ದಾರೆ. ಸಭೆಯ ಹಿರಿಯರು ನನ್ನನ್ನು ಕರೆಸಿ, ನಿಮ್ಮ ಕರುಣಾ ಬಂದು ನಡೆಸುವುದಾದರೆ ಮತ್ತೆ ತೆರೆಯೋಣ, ಇಲ್ಲದಿದ್ದರೆ ಕೋಚಿಂಗಿನವರಿಗೆ ಕೊಟ್ಟುಬಿಡುತ್ತೇವೆ ಎಂದರು. ಟಿಕೆಟ್ಟನ್ನೂ ಅವರೇ ಮಾಡಿಸಿದರು.

'ನಿಮ್ಮ ಕರುಣಾ' ಅಂದದ್ದು ಕೇಳಿ ನಾನು ಉಬ್ಬಿಹೋದೆ. ಹರಿಹರದ ಸೊಪ್ಪು ಮಾರುವ ಹಾಲಮ್ಮನ ಮಗಳು ಅವಳು. ಆರು ವರ್ಷದವಳಿದ್ದಾಗ ನನ್ನ ಬೋರ್ಡಿಂಗಿಗೆ ಬಂದಳು. ಹೇನು ತೆಗೆದವಳು ನಾನು, ಕಾಗುಣಿತ ತಿದ್ದಿಸಿದವಳು ನಾನು, ನರ್ಸಿಂಗ್ ಓದಿಸಲು ಸಭೆಯವರ ಮನೆಮನೆಗೆ ಹೋಗಿ ಕೇಳಿದವಳು ನಾನು. ಈಗ ಏಳು ವರ್ಷದಿಂದ ಕೀನ್ಯಾದ ಪಶ್ಚಿಮದ ಒಂದು ಹಳ್ಳಿಯಲ್ಲಿ ಮಿಷನರಿಯಾಗಿ ಅನಾಥ ಮಕ್ಕಳ ಮನೆ ನಡೆಸುತ್ತಾಳೆ. ವರ್ಷಕ್ಕೊಂದು ಸಲ ಕ್ರಿಸ್‌ಮಸ್ಸಿಗೆ ನನಗೆ ಫೋನ್ ಮಾಡುತ್ತಾಳೆ.

ನಾನು ಕೇಳಿದರೆ ಬಂದೇ ಬರುತ್ತಾಳೆ ಎಂದು ಹಿರಿಯರಿಗೆ ಮಾತು ಕೊಟ್ಟೆ. ಮಂಡಿಪೇಟೆಗೆ ಹೋಗಿ ಅಲ್ಲಿನ ಹೆಣ್ಣುಮಕ್ಕಳಿಗೆಂದು ಕೆಂಪು ರಿಬ್ಬನ್ನಿನ ಎರಡು ದೊಡ್ಡ ಸುರುಳಿ ತಂದೆ. ಅಂಗಡಿಯ ಸಾಬರು, ಇಷ್ಟು ರಿಬ್ಬನ್ ಯಾವ ಸ್ಕೂಲಿಗೆ ಅಕ್ಕೋರೆ ಎಂದು ಕೇಳಿದರು. ಆಫ್ರಿಕಾಕ್ಕೆ ಎಂದೆ, ಸ್ವಲ್ಪ ಜಂಬದಿಂದಲೇ. ಕರುಣಾಳಿಗೆಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡೆ.

ನೈರೋಬಿ ಮತ್ತು ಆಮೇಲಿನ ರಸ್ತೆ

ವಿಮಾನ ನಿಲ್ದಾಣದ ಅಧಿಕಾರಿಣಿ ನನ್ನ ಚಟ್ನಿಪುಡಿಯ ಡಬ್ಬಿ ತೆಗೆಸಿ ಮೂಗಿಗೆ ಹಿಡಿದಳು. ಆಮೇಲೆ ಸೀನಿದಳು. ಸೀನು ನಿಂತ ಮೇಲೆ ಇನ್ನೊಮ್ಮೆ ಮೂಸಿ, ಏನಿದು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಶೇಂಗಾಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂಬುದು ಇಪ್ಪತ್ತಾರು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಆ ಹೊತ್ತಿಗೆ ಮರೆತೇಹೋಯಿತು. ಅವಳೇ ಚಿಟಿಕೆಯಷ್ಟು ನಾಲಿಗೆಗೆ ಹಾಕಿಕೊಂಡು, ನಕ್ಕು, ಹೋಗು ಅಂದಳು.

ಹೊರಗೆ ಕರುಣಾ ನಿಂತಿದ್ದಳು. ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು, ದಪ್ಪಗಾಗಿದ್ದಳು. ಕಾಲು ಮುಟ್ಟಿ ನಮಸ್ಕರಿಸಿ, ದಣಿದಿದ್ದೀರಾ ಅಕ್ಕೋರೆ ಎಂದಳು. ಜೊತೆಗೆ ಬಂದಿದ್ದ ಹಿರಿಯ ಹೆಂಗಸನ್ನು ತೋರಿಸಿ, ಇವರು ಮಾಮಾ ರೂತ್, ಇಲ್ಲಿ ಮಾಮಾ ಅಂದರೆ ಅಮ್ಮ, ನಮ್ಮ ಮನೆಯ ಅಡುಗೆಯವರು, ಮಕ್ಕಳನ್ನು ನೋಡಿಕೊಳ್ಳುವುದನ್ನೆಲ್ಲ ನನಗೆ ಕಲಿಸಿದ್ದು ಇವರೇ ಎಂದಳು.

ನಾನು ನಕ್ಕೆ. ಒಳಗೆ ಮಾತ್ರ ಚುರ್ ಎಂದಿತು. ಇವರೇ ಕಲಿಸಿದರಂತೆ! ಹಾಗಾದರೆ ಹನ್ನೆರಡು ವರ್ಷ ನಾನು ಕಲಿಸಿದ್ದೇನು?

ಅಲ್ಲಿಂದ ಇಡೀ ದಿನದ ಬಸ್ಸು. ದಾರಿಯುದ್ದಕ್ಕೂ ಕರುಣಾ ಮತ್ತು ಮಾಮಾ ರೂತ್ ಸ್ವಾಹಿಲಿಯಲ್ಲಿ ಮಾತಾಡಿಕೊಂಡು ಒಬ್ಬರ ತೊಡೆಗೊಬ್ಬರು ತಟ್ಟಿಕೊಂಡು ನಗುತ್ತಿದ್ದರು. ಏನಂತೆ ಎಂದು ಕೇಳಿದರೆ ಕರುಣಾ ಅರ್ಧ ಹೇಳಿ ಮತ್ತೆ ಅತ್ತ ತಿರುಗುತ್ತಿದ್ದಳು. ಚಹಾ ತೋಟ, ಬೆಟ್ಟ, ರಸ್ತೆ ಬದಿ ಹುರಿದ ಜೋಳದ ತೆನೆ ಮಾರುವ ಹೆಂಗಸರು ಎಲ್ಲ ಚೆಂದವೇ ಇದ್ದಿರಬೇಕು. ಹೊಟ್ಟೆಯುರಿಯಲ್ಲಿ ಕೂತವಳಿಗೆ ಕಿಟಕಿಯಾಚೆ ಏನು ಕಂಡೀತು?

ಮೊದಲ ವಾರ

ಮಕ್ಕಳ ಮನೆ ಸಣ್ಣ ಗುಡ್ಡದ ಮೇಲಿತ್ತು. ಮೂವತ್ತೊಂದು ಮಕ್ಕಳು. ನನ್ನ ರಿಬ್ಬನ್ ಸುರುಳಿಗಳನ್ನು ತೆಗೆದು ಹೆಣ್ಣುಮಕ್ಕಳೆಲ್ಲ ಬನ್ನಿ ಎಂದು ಕರೆದೆ. ಬಂದರು. ಒಬ್ಬಳ ತಲೆಯಲ್ಲೂ ಬೆರಳಿಗೆ ಸಿಗುವಷ್ಟು ಕೂದಲಿಲ್ಲ. ಅಲ್ಲಿ ಶಾಲೆಗೆ ಹೋಗುವ ಹುಡುಗಿಯರು ಕೂದಲು ಕತ್ತರಿಸಿಕೊಂಡೇ ಇರಬೇಕಂತೆ. ನಾನು ಸುರುಳಿ ಹಿಡಿದು ಬೆಪ್ಪಾಗಿ ನಿಂತೆ. ಮಕ್ಕಳು ಸಂಕೋಚವಿಲ್ಲದೆ ಅದನ್ನು ಕತ್ತರಿಸಿಕೊಂಡು ಹೋಗಿ ಮೇಕೆಗಳ ಕೊರಳಿಗೆ ಕಟ್ಟಿದರು.

ಊಟಕ್ಕೆ ಮೆಕ್ಕೆಜೋಳದ ಹಿಟ್ಟಿನ ಉಗಾಲಿ, ನಮ್ಮ ಮುದ್ದೆಯ ಬಿಳಿ ತಂಗಿ. ಅವರು ಅದನ್ನು ಅಗಿಯುತ್ತಾರೆ. ನಾನು ನಮ್ಮೂರಿನಂತೆ ತುತ್ತು ಮುರಿದು ಸಾರಿಗದ್ದಿ ಗುಳುಂ ಎಂದು ನುಂಗಿದೆ. ಮೂವತ್ತೊಂದು ಮಕ್ಕಳೂ ಊಟ ನಿಲ್ಲಿಸಿ ನನ್ನ ಗಂಟಲನ್ನೇ ನೋಡಿದರು. ಮಾರನೆಯ ದಿನ ಗಂಡುಹುಡುಗರು ನುಂಗುವ ಪಂದ್ಯ ಕಟ್ಟಿದರು, ಒಬ್ಬನಿಗೆ ಗಂಟಲಲ್ಲಿ ಸಿಕ್ಕಿಕೊಂಡು ಕರುಣಾ ಬೆನ್ನು ಗುದ್ದಬೇಕಾಯಿತು. ಅವಳು ನನ್ನ ಕಡೆ ನೋಡಿ, ಬ್ಯಾಡ್ರಿ ಅಕ್ಕೋರೆ, ಅಗಿದು ತಿನ್ರಿ ಎಂದಳು. ನನಗೇ ಊಟದ ಪಾಠ.

ಬೆಳಗ್ಗೆ ಐದಕ್ಕೆ ಅವಳ ದಿನ ಶುರು. ಇದ್ದಿಲು ಇಸ್ತ್ರಿಪೆಟ್ಟಿಗೆಯಲ್ಲಿ ಸಮವಸ್ತ್ರ ಉಜ್ಜುವುದು, ಗಂಜಿ ಬಡಿಸುವುದು, ಹುಳುಕಡ್ಡಿಗೆ ಮುಲಾಮು ಹಚ್ಚುವುದು, ಶೂ ಕಳೆದುಕೊಂಡವನ ಶೂ ಹುಡುಕುವುದು, ಸಾಲಾಗಿ ಶಾಲೆಗೆ ಬಿಟ್ಟು ಬರುವುದು. ಆಮೇಲೆ ಕೋಳಿಗೂಡು, ಆಸ್ಪತ್ರೆ, ಹೆಡ್‌ಮಾಸ್ಟರರ ದೂರು. ಸಂಜೆ ಪ್ರಾರ್ಥನೆಗೆ ಚಾಪೆಯ ಮೇಲೆ ಕೂತರೆ ಅವಳ ತೊಡೆ, ಭುಜ, ಬೆನ್ನು ಎಲ್ಲ ಕಡೆ ಮಕ್ಕಳು. ಮಾಮಾ ಕರುಣಾ, ಮಾಮಾ ಕರುಣಾ ಎಂದು ದಿನವಿಡೀ ಒಂದೇ ಜಪ.

ನನ್ನ ಬೋರ್ಡಿಂಗಿನಲ್ಲಿ ಗಂಟೆಯಿತ್ತು. ಗಂಟೆಗೆ ಏಳುವುದು, ಗಂಟೆಗೆ ಉಣ್ಣುವುದು. ಇಲ್ಲಿ ಗಂಟೆಯೇ ಇಲ್ಲ. ಗದ್ದಲವೋ ಗದ್ದಲ. ಇದೆಂಥ ಶಿಸ್ತು ಎಂದು ನಾನು ಮೂಗು ಮುರಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಜ ಹೇಳಬೇಕೆಂದರೆ ನನ್ನ ಇಪ್ಪತ್ತಾರು ವರ್ಷದಲ್ಲಿ ಒಂದು ಮಗುವೂ ತಾನಾಗಿ ಬಂದು ನನ್ನ ತೊಡೆಯ ಮೇಲೆ ಕೂತಿರಲಿಲ್ಲ. ಅಮ್ಮ ಎಂದು ಒಬ್ಬರೂ ಕರೆದಿರಲಿಲ್ಲ. ಬೇಕು ಎಂದು ನನಗೂ ಅನಿಸಿರಲಿಲ್ಲ. ಇವಳನ್ನು ನೋಡಿದ ಮೇಲೆ ಅನಿಸಿತು, ಆ ಸಿಟ್ಟೂ ಅವಳ ಮೇಲೆಯೇ ಬಂತು.

ಭಾನುವಾರ

ಭಾನುವಾರ ಆರಾಧನೆ ಮುಗಿದ ಮೇಲೆ ಗೇಟಿನ ಎರಡೂ ಬಾಗಿಲು ಹಾರುಹೊಡೆದಿಟ್ಟರು. ಗುಡ್ಡ ಹತ್ತಿ ಜನ ಬರತೊಡಗಿದರು: ಮಕ್ಕಳ ಅಜ್ಜಿಯರು, ಸೋದರತ್ತೆಯರು, ಕುಂಟುತ್ತಾ ಬಂದ ಒಬ್ಬ ಚಿಕ್ಕಪ್ಪ. ಅನಾಥ ಮಕ್ಕಳ ಮನೆ ಅನ್ನುತ್ತಾರೆ, ನೋಡಿದರೆ ಬೀಗರ ಊಟದಷ್ಟು ಬಳಗ! ಪ್ರತಿಯೊಬ್ಬರಿಗೂ ಒಂದೊಂದು ಮಗು ತಂಬಿಗೆಯಲ್ಲಿ ಬೆಚ್ಚಗಿನ ನೀರು ತಂದು ಕೈಗೆ ಹಾಕಿತು. ಊಟವಾಯಿತು, ಚಹಾ ಆಯಿತು. ಸಂಜೆ ಹೊರಟವರನ್ನು ಕರುಣಾ ಮತ್ತು ಮಕ್ಕಳು ಅರ್ಧ ದಾರಿಯವರೆಗೆ ನಡೆದುಹೋಗಿ ಕಳಿಸಿಕೊಟ್ಟು ಬಂದರು. ಬಂದವರನ್ನು ಗೇಟಿನಲ್ಲೇ ಬೀಳ್ಕೊಟ್ಟರೆ ಅಲ್ಲಿ ಅವಮಾನವಂತೆ.

ಮಕ್ಕಳು ಹೀಗೆ ಮನೆಯವರನ್ನು ನೋಡುತ್ತಿದ್ದರೆ ಇಲ್ಲಿ ಹೊಂದಿಕೊಳ್ಳುವುದು ಯಾವಾಗ ಎಂದು ಕೇಳಿದೆ. ಹೊಂದಿಕೊಳ್ಳುವುದೇ ಬೇಡ ಎಂದಳು ಕರುಣಾ. ಒಂದೊಂದಾಗಿ ಎಲ್ಲ ಮಕ್ಕಳನ್ನೂ ಅಜ್ಜಿಯದೋ ಅತ್ತೆಯದೋ ಮನೆಗೆ ಸೇರಿಸಬೇಕು, ಅಲ್ಲಿಯವರೆಗೆ ಮಾತ್ರ ಈ ಮನೆ. ಹೋದ ವರ್ಷ ಎಂಟು ಮಕ್ಕಳು ಹೋದರಂತೆ. ಮನೆ ಖಾಲಿಯಾದಷ್ಟೂ ಇವಳಿಗೆ ಖುಷಿ.

ನನ್ನ ಪದ್ಧತಿ ಇದಕ್ಕೆ ನೇರ ಉಲ್ಟಾ. ಹೊಸ ಮಗು ಬಂದರೆ ಮೂರು ತಿಂಗಳು ಮನೆಯವರು ಗೇಟಿನ ಹತ್ತಿರವೂ ಸುಳಿಯಕೂಡದು. ತಾಯಿಯನ್ನು ನೋಡಿದರೆ ಮಗು ಅಳುತ್ತದೆ, ಅತ್ತರೆ ಓದುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಂಬಿದವಳು ನಾನು. ನನ್ನ ಕೈಯಲ್ಲಿ ಬೆಳೆದವರು ನರ್ಸ್ ಆದರು, ಮೇಷ್ಟ್ರಾದರು. ಇದನ್ನು ಕರುಣಾಳಿಗೆ ಹೇಳಿದೆ. ಹೌದ್ರಿ ಅಕ್ಕೋರೆ ಎಂದಳು, ಅಷ್ಟೇ.

ವಾಪಸ್ ಬಾ ಎನ್ನುವ ಮಾತನ್ನು ಆ ದಿನವೇ ಎತ್ತಬೇಕೆಂದಿದ್ದೆ. ಬಾಯಿ ಬರಲಿಲ್ಲ. ನಾಳೆ, ನಾಳೆ ಎನ್ನುತ್ತಾ ಇನ್ನೊಂದು ವಾರ ಕಳೆಯಿತು.

ಮಂಗಳವಾರ

ನಾನು ಬರುವುದಕ್ಕೆ ಒಂದು ತಿಂಗಳ ಮೊದಲು ಅಕಿನ್ಯಿ ಎಂಬ ನಾಲ್ಕು ವರ್ಷದ ಮಗು ಆ ಮನೆಗೆ ಬಂದಿತ್ತು. ಅಜ್ಜಿ ಕಾಲು ಮುರಿದುಕೊಂಡು ನೋಡಿಕೊಳ್ಳಲಾಗದೆ ಕಳಿಸಿದ್ದಳು. ಶಾಲೆಯ ವಯಸ್ಸಲ್ಲ, ದಿನವಿಡೀ ಮನೆಯಲ್ಲೇ. ಅಜ್ಜಿ ಬೇಕೆಂದು ಅತ್ತದ್ದೇ ಅತ್ತದ್ದು. ಕರುಣಾಳ ಹತ್ತಿರವೂ ಸುಮ್ಮನಾಗುತ್ತಿರಲಿಲ್ಲ.

ಆ ಮಂಗಳವಾರ ಒಬ್ಬ ಹುಡುಗನಿಗೆ ಜ್ವರವೆಂದು ಕರುಣಾ ಆಸ್ಪತ್ರೆಗೆ ಹೋದಳು. ಮಾಮಾ ರೂತ್ ಸಂತೆಗೆ ಹೋದಳು. ಮನೆಯಲ್ಲಿ ನಾನು, ಅಕಿನ್ಯಿ ಇಬ್ಬರೇ. ನಾನು ಸುಮ್ಮನೆ ಕನ್ನಡದ ಹಳೆಯ ಕೀರ್ತನೆಯೊಂದನ್ನು ಗುನುಗುತ್ತಾ ಸೊಪ್ಪು ಸೋಸುತ್ತಿದ್ದೆ. ಮಗು ಮೆಲ್ಲಗೆ ಬಂದು ನನ್ನ ತೊಡೆಯ ಮೇಲೆ ಕೂತಿತು. ನನ್ನ ಸೀರೆಯ ಸೆರಗು ಹಿಡಿದುಕೊಂಡು ಹಾಗೇ ನಿದ್ದೆ ಹೋಯಿತು. ನಾನು ಉಸಿರನ್ನೂ ಮೆತ್ತಗೆ ಬಿಡುತ್ತಾ ಕೂತೆ. ಕರುಣಾ ಈಗ ಬರಬೇಕು, ಬಂದು ನೋಡಬೇಕು ಎಂದು ಕಾದೆ.

ಗೇಟು ಬಡಿದ ಸದ್ದಾಯಿತು. ಮಗುವನ್ನು ಮಲಗಿಸಿ ಹೋಗಿ ನೋಡಿದರೆ ಕೋಲೂರಿದ ಮುದುಕಿ, ತಲೆಯ ಮೇಲೆ ಗೆಣಸಿನ ಚೀಲ. ಅಕಿನ್ಯಿ ಎಂದಳು. ಅಜ್ಜಿಯೇ ಎಂದು ಗೊತ್ತಾಯಿತು.

ಆ ಹೊತ್ತಿಗೆ ಏನು ಮಾಡಬೇಕೆಂದು ನಾನು ಯೋಚಿಸಲೇ ಇಲ್ಲ. ಕೈ ತಾನಾಗಿ ಎದ್ದಿತು, ಅಂಗೈ ಹೊರಗೆ ಮಾಡಿ ಅಡ್ಡ ಆಡಿಸಿದೆ. ಈಗಲ್ಲ, ಭಾನುವಾರ ಬಾ, ಮಗು ಮಲಗಿದೆ ಎಂದು ಇಂಗ್ಲಿಷಿನಲ್ಲೂ ಸನ್ನೆಯಲ್ಲೂ ಹೇಳಿದೆ. ಅವಳಿಗೆ ಕೈ ಅರ್ಥವಾಯಿತು. ಆಮೇಲೆ ಚೀಲ ಇಳಿಸಿ ಗೇಟಿನ ಬುಡದಲ್ಲಿಟ್ಟು ಕುಂಟುತ್ತಾ ಗುಡ್ಡ ಇಳಿದು ಹೋದಳು.

ಹಳೆಯ ಅಭ್ಯಾಸ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಅದು ಅರ್ಧ ಸತ್ಯ. ಅಲ್ಲಿ ನನ್ನ ಹತ್ತಿರ ತಾನಾಗಿ ಬಂದದ್ದು ಆ ಒಂದೇ ಮಗು, ಅದನ್ನು ನಾನು ಬಿಟ್ಟುಕೊಡಲು ತಯಾರಿರಲಿಲ್ಲ.

ಮೊದಲು ಬಂದದ್ದು ಮಾಮಾ ರೂತ್. ಚೀಲ ನೋಡಿ ಹರಕು ಇಂಗ್ಲಿಷಿನಲ್ಲಿ ಕೇಳಿದಳು, ನಾನು ಹೇಳಿದೆ. ಚಹಾ ಕೊಟ್ಟೆಯಾ ಎಂದಳು. ಇಲ್ಲ ಎಂದೆ. ಅವಳು ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. ಅಷ್ಟರಲ್ಲಿ ಕರುಣಾ ಬಂದಳು. ಅವಳಿಗೂ ಕೈ ಆಡಿಸಿ ತೋರಿಸುತ್ತಾ ಹೇಳಿದೆ. ಬಯ್ಯಲಿಲ್ಲ, ನನ್ನ ಕೈಯನ್ನೇ ನೋಡಿದಳು.

"ಅಕ್ಕೋರೆ, ನಮ್ಮವ್ವನೂ ಒಂದ್ ಮಂಗಳವಾರ ಬಂದಿದ್ಲು. ನಾನ್ ಬಂದು ಇನ್ನಾ ತಿಂಗ್ಳಾಗಿರ್ಲಿಲ್ಲ. ಬಟ್ಟೆ ಒಗೆಯೋ ಕಲ್ಲಿನ್ ಮ್ಯಾಲೆ ನಿಂತು ನೋಡ್ತಿದ್ದೆ. ನೀವು ಹಿಂಗೇ ಕೈ ಆಡಿಸಿದ್ರಿ. ನನ್ನ ನೋಡಾಕೆ ಅಂತ ಹರಿಹರದಿಂದ ಬಂದೋಳು ನೋಡದಂಗೇ ಹೋದ್ಲು."

ಅವಳು ನೋಡಿದ್ದಳೆಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಹಾಲಮ್ಮ ಬಂದದ್ದು, ನಾನು ಕಳಿಸಿದ್ದು ಮಸುಕಾಗಿ ನೆನಪಿತ್ತು. ಎಷ್ಟೋ ತಾಯಂದಿರನ್ನು ಹಾಗೆ ಕಳಿಸಿದ್ದೆ.

"ನಿಯಮ ಇತ್ತಲ್ಲವ್ವ," ಎಂದೆ. ತಪ್ಪಾಯಿತು ಎನ್ನಬೇಕಿತ್ತು. ಅವಳನ್ನು ಬೆಳೆಸಿದವಳು ನಾನು, ಅವಳ ಮುಂದೆ ತಪ್ಪಾಯಿತು ಎನ್ನಲು ನನ್ನ ನಾಲಿಗೆ ಏಳಲಿಲ್ಲ.

ಅಜ್ಜಿಯ ಗುಡಿಸಲು

ಕರುಣಾ ಅಕಿನ್ಯಿಯನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಆಗಲೇ ಹೊರಟಳು. ನಾನೂ ಹಿಂದೆ ಹೋದೆ. ನಮ್ಮೂರಿನ ಆವರಗೆರೆಯಿಂದ ನಿಟ್ಟುವಳ್ಳಿಗೆ ನಡೆದಷ್ಟಾದರೂ ದೂರ, ಮುಕ್ಕಾಲು ತಾಸಿಗೆ ಕಡಿಮೆಯಿಲ್ಲ, ಅದೂ ಏರಿಳಿತದ ಮಣ್ಣುದಾರಿ. ಈ ದಾರಿಯಲ್ಲಿ ಮುರಿದು ಕೂಡಿದ ಕಾಲಿನ ಹೆಂಗಸು ಗೆಣಸು ಹೊತ್ತು ಬಂದಿದ್ದಳು.

ಅಜ್ಜಿ ಹೊಸಿಲಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ಮಗು ಕರುಣಾಳ ಬೆನ್ನಿನಿಂದಲೇ ಚೀರಿ ಜಿಗಿಯಿತು. ನನ್ನ ಸೆರಗು ಹಿಡಿದು ಮಲಗಿದ್ದ ಮಗು ಆಮೇಲೆ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ನಾನು ಕೈ ಮುಗಿದೆ. ಅಜ್ಜಿ ಎದ್ದು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಮೊದಲು ನನ್ನ ಕೈಗೇ ಹಾಕಿದಳು, ಅತಿಥಿಯಲ್ಲವೇ. ಮಗುವನ್ನು ಆ ರಾತ್ರಿಗೆ ಅಲ್ಲೇ ಬಿಟ್ಟು ಹೊರಟಾಗ ಬೇಡ ಬೇಡವೆಂದರೂ ಅಜ್ಜಿ ಕೋಲೂರಿಕೊಂಡು ಅರ್ಧ ದಾರಿ ಬಂದಳು.

ಅವಳು ಹಿಂತಿರುಗಿದ ಮೇಲೆ ಕರುಣಾ ತಾನೇ ಮಾತೆತ್ತಿದಳು. ನಾನು ಏಕೆ ಬಂದಿದ್ದೇನೆಂದು ಪಾಸ್ಟರ್ ಮೊದಲೇ ಫೋನಿನಲ್ಲಿ ಹೇಳಿದ್ದರಂತೆ. ನಾನಾಗಿ ಹೇಳಲಿ ಎಂದು ಕಾಯುತ್ತಿದ್ದಳಂತೆ.

"ನಾನ್ ಬರಲ್ರಿ ಅಕ್ಕೋರೆ. ಬಂದ್ರೆ ಎಲ್ಲ ಅವ್ವಂದಿರ್ಗೂ ಆ ಗೇಟ್ ತೆಗೀಬೇಕಾಗತೈತೆ. ನೀವು ಅದೇ ಓಣ್ಯಾಗೆ ಇರ್ತೀರಿ, ದಿನಾ ನೋಡ್ತೀರಿ. ನಿಮ್ಮನ್ನ ತಪ್ಪು ಮಾಡಿದೋರ್ನ ಮಾಡಿ ನಾನ್ ಅಲ್ಲಿ ಕೂಡ್ರಾಕೆ ಆಗಲ್ಲ."

ನನಗೆ ಮರ್ಯಾದೆ ಕೊಟ್ಟೇ ನನ್ನನ್ನು ಕೈಬಿಟ್ಟಳು. ಜಗಳ ಮಾಡಿದ್ದರೆ ತಿರುಗಿ ಬಯ್ಯಬಹುದಿತ್ತು. ಉಳಿದ ನಾಲ್ಕು ದಿನ ಅವಳ ಜೊತೆ ಇಸ್ತ್ರಿ ಉಜ್ಜಿದೆ, ಗಂಜಿ ಬಡಿಸಿದೆ, ಮಾಮಾ ರೂತ್‌ಗೆ ಚಟ್ನಿಪುಡಿ ಮಾಡುವುದನ್ನು ತೋರಿಸಿದೆ. ಹೊರಡುವ ದಿನ ಕರುಣಾ ಹೂಹೂವಿನ ಒಂದು ಬಟ್ಟೆ ಕೊಟ್ಟು, ಇದನ್ನು ನಮ್ಮವ್ವನಿಗೆ ಮುಟ್ಟಿಸಿಬಿಡಿ ಎಂದಳು. ನನಗೂ ಒಂದು ಕೊಟ್ಟಳು. ಅವ್ವನದು ಹೆಚ್ಚು ಚೆನ್ನಾಗಿತ್ತು.

ಹರಿಹರ

ಬಂದ ವಾರದಲ್ಲೇ, ಒಂದು ಭಾನುವಾರ ಮಧ್ಯಾಹ್ನ, ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ದೂರದ ಕೀನ್ಯಾ ನೋಡಿ ಬಂದವಳು ಹಾಲಮ್ಮನ ಮನೆಗೆ ಕಾಲಿಟ್ಟದ್ದು ಅದೇ ಮೊದಲು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಕೋಣೆಯ ಮನೆ. ಬಾಗಿಲಲ್ಲಿ ಮೆಂತ್ಯ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು. ನನ್ನನ್ನು ನೋಡಿದ್ದೇ ಗಡಬಡಿಸಿ ಎದ್ದು, "ಬರ್ರಿ ಅಕ್ಕೋರೆ, ಒಳಗ್ ಬರ್ರಿ, ಕೂಡ್ರಿ," ಎಂದು ಚಾಪೆ ಹಾಸಿದಳು.

ಗೋಡೆಯ ಮೇಲೆ ಕರುಣಾಳ ಫೋಟೋ, ಸುತ್ತ ಆ ಮೂವತ್ತೊಂದು ಮಕ್ಕಳು. ಮಾತಿಗೆ ಹಾಲಮ್ಮ, ಪ್ರತಿ ಭಾನುವಾರ ನಾಲ್ಕೂವರೆಗೆ ಮಗಳ ಫೋನು ಬರುತ್ತದೆ ಎಂದಳು. ಪ್ರತಿ ಭಾನುವಾರ! ನನಗೆ ಕ್ರಿಸ್‌ಮಸ್ಸಿಗೊಂದು. ಸೊಪ್ಪು ಮಾರುವ ಹೆಂಗಸಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಬಟ್ಟೆ ಕೊಟ್ಟೆ, ಚಹಾ ಕುಡಿದೆ, ಆಮೇಲೆ ಹೇಗೋ ಬಾಯಿಬಿಟ್ಟೆ. ಅವತ್ತು ಮಗಳನ್ನು ನೋಡಲು ಬಂದವಳನ್ನು ಗೇಟಿನಿಂದಲೇ ಅಟ್ಟಿದೆ, ಕರುಣಾ ಅದನ್ನು ಇಂದಿಗೂ ಮರೆತಿಲ್ಲ ಎಂದೆ.

ಹಾಲಮ್ಮ ಸೊಪ್ಪಿನ ಕಟ್ಟನ್ನು ಕೆಳಗಿಟ್ಟಳು.

"ನೋಡಾಕಲ್ರಿ ನಾ ಬಂದಿದ್ದು. ಕರ್ಕಂಡ್ ಹೋಗಾಕೆ ಬಂದಿದ್ದೆ. ಮಂಡಿಪೇಟ್ಯಾಗೆ ಸಾಹುಕಾರ್ರೊಬ್ರ ಮನ್ಯಾಗೆ ಕೂಸು ಎತ್ಕಳಾಕೆ ಹುಡುಗಿ ಬೇಕಾಗಿತ್ತು. ಬಿಡ್ತೀನಿ ಅಂತ ಮಾತು ಕೊಟ್ಟಿದ್ದೆ. ನೀವು ಗೇಟ್ ತೆಗೆದಿದ್ರೆ ಅವತ್ತೇ ಅಲ್ಲಿ ಬಿಟ್ಟು ಬರ್ತಿದ್ದೆ. ನೀವು ಬಿಡ್ಲಿಲ್ಲ. ವಾಪಸ್ ಹೋಗ್ತಾ ಬಸ್ಸಿನ್ಯಾಗೆ ಅತ್ತೆ, ಆಮ್ಯಾಲೆ ಮನಸ್ಸು ಬದ್ಲಾತು."

ಅವಳು ನನ್ನ ಮೊಣಕಾಲು ಮುಟ್ಟಿ, "ಅಕಿಗೆ ಹೇಳಿಲ್ರಿ. ನಮ್ಮವ್ವ ನನ್ನ ನೋಡಾಕೆ ಬಂದಿದ್ಲು ಅಂತ ಅಷ್ಟು ಹಚ್ಕಂಡಾಳೆ. ನೀವೂ ಹೇಳಬ್ಯಾಡ್ರಿ," ಎಂದಳು.

ಆಗ ನನಗೆ ಮೊದಲು ಏನಾಯಿತೆಂದು ಮುಚ್ಚಿಡುವುದಿಲ್ಲ. ಸಂತೋಷವಾಯಿತು. ನಾನೇ ಸರಿ! ನನ್ನ ಗೇಟೇ ಅವಳನ್ನು ಉಳಿಸಿತು. ಕೋಚಿಂಗಿನವರಿಗೆ ಬೀಗದ ಕೈ ಇನ್ನೂ ಕೊಟ್ಟಿರಲಿಲ್ಲ. ಕರುಣಾಳಿಗೆ ಈ ಒಂದು ಮಾತು ತಿಳಿದರೆ ಸಾಕು, ನಾನು ತಪ್ಪು ಮಾಡಿದವಳಲ್ಲ, ಅವಳು ಊರಿಗೆ ಬರದಿರಲು ಕಾರಣವೂ ಇಲ್ಲ. ಅವ್ವ ಯಾರು, ಅಕ್ಕೋರು ಯಾರು ಎಂಬ ಲೆಕ್ಕವೂ ಆವತ್ತೇ ತಿರುಗಿಹೋಗುತ್ತದೆ.

ಫೋನು ಬಡಿಯಿತು. ಹಾಲಮ್ಮ ಎತ್ತಿ, ಅಕ್ಕೋರು ಬಂದಾರೆ ನೋಡವ್ವ ಎಂದು ನನ್ನ ಕೈಗೇ ಕೊಟ್ಟಳು. ಅತ್ತ ಕಡೆ ಮಕ್ಕಳ ಗದ್ದಲ ಕೇಳುತ್ತಿತ್ತು. ಇಬ್ಬರೂ ಏನು ಮಾತಾಡುತ್ತಿದ್ದೀರಿ ಎಂದು ಕರುಣಾ ನಗುತ್ತಾ ಕೇಳಿದಳು. ಹಾಲಮ್ಮ ನನ್ನ ಬಾಯಿಯನ್ನೇ ನೋಡುತ್ತಾ ನಿಂತಿದ್ದಳು. ಅವಳ ಕೈಯಲ್ಲಿ ಮಗಳು ಕಳಿಸಿದ ಬಟ್ಟೆ ಇತ್ತು.

"ಅವತ್ತಿನ್ ಮಾತೇ ಕಣವ್ವ," ಎಂದೆ. "ನಿಮ್ಮವ್ವ ನಿನ್ನ ನೋಡಾಕೆ ಬಂದಿದ್ಲು. ನಾನ್ ಬಿಡ್ಲಿಲ್ಲ. ತಪ್ಪಾತು."